ಕರೆಂಟ್ ಕಂಬಳಿ ಮತ್ತು ಕಂದು ಕುದುರೆ

ನಮ್ಮ ಕಡೆ ತಾಬಿಲ್ದಿ ಎಂದರೆ ‘ಸಿಕ್ಕಿದವನು’ ಎಂದರ್ಥ. ಎಷ್ಟೋ ವರ್ಷ ಮಕ್ಕಳಾಗದೆ ಕೊನೆಗೊಂದು ಗಂಡು ಹುಟ್ಟಿದಾಗ ನನ್ನ ಪಕ್ಕದ ಮನೆಯ ಎಸೆನ್‌ಕುಲ್ ಅದಕ್ಕೆ ಆ ಹೆಸರಿಟ್ಟರು. ಅವರಿಗೆ ಮಗನೇನೋ ಸಿಕ್ಕಿದ. ಆ ಮಗನಿಗೆ ಮಾತ್ರ ಆಮೇಲೆ ಏನೂ ಸಿಗಲಿಲ್ಲ. ಜೇನು ಸಾಕಿದ, ಹುಳುಗಳು ಗೋಡೆ ಹಾರಿ ಬಂದು ನನ್ನ ತೋಟದಲ್ಲಿ ಸಂಸಾರ ಹೂಡಿದವು, ಕಚ್ಚಲು ಮಾತ್ರ ಅವನ ಮನೆಗೆ ಹೋಗಿಬರುತ್ತಿದ್ದವು. ಹಳೆಯ ಕಾರು ಕೊಂಡು ನಾರಿನ್ ಪಟ್ಟಣಕ್ಕೆ ಬಾಡಿಗೆ ಓಡಿಸಿದ. ಅದು ಒಂದು ದಿನ ಘಾಟಿಯ ನೆತ್ತಿಯಲ್ಲಿ ನಿಂತಿದ್ದು ಇವತ್ತಿಗೂ ಅಲ್ಲೇ ಇದೆ. ಈಗ ದಾರಿ ಹೇಳುವವರು ‘ತಾಬಿಲ್ದಿ ಕಾರು ದಾಟಿ ಎಡಕ್ಕೆ’ ಎನ್ನುತ್ತಾರೆ.

ನಾನು ಇಲ್ಲಿ, ಹಿಮಬೆಟ್ಟಗಳ ನಡುವಿನ ನಮ್ಮೂರು ಆತ್-ಬಾಶಿಯ ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದವನು. ಭೂಕಂಪ, ಹಿಮಪಾತ, ನೆರೆ, ಹೀಗೆ ಎಲ್ಲ ಬಗೆಯ ವಿಕೋಪಗಳನ್ನೂ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ತಾಬಿಲ್ದಿ ಪಠ್ಯದಲ್ಲಿ ಇರಲಿಲ್ಲ.

ಆ ವರ್ಷ ಕೊಯ್ದು ಹರಡಿದ್ದ ಹುಲ್ಲಿನ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಸುರಿದು, ಅವರ ಚಳಿಗಾಲದ ಮೇವೆಲ್ಲ ಕೊಳೆತುಹೋಯಿತು. ಎಸೆನ್‌ಕುಲ್ ಅವರ ಹತ್ತಿರ ಒಂದು ಕಂದು ಬಣ್ಣದ ಹೆಣ್ಣು ಕುದುರೆ ಇತ್ತು. ಮರಿ ಹಾಕುವುದು ನಿಂತಿತ್ತು, ಹಲ್ಲು ಸವೆದಿದ್ದವು. ಚಳಿಗಾಲದ ಮಾಂಸಕ್ಕೆ ಅದನ್ನೇ ಕೊಯ್ಯಿರಿ ಎಂದು ಊರಿಗೆ ಊರೇ ಹೇಳುತ್ತಿತ್ತು. ಆದರೆ ಹೆಂಡತಿ ತೀರಿಹೋದ ಮೇಲೆ ಬೆಳಿಗ್ಗೆ ಎದ್ದು ಮುದುಕರು ಮೊದಲು ಮಾತಾಡಿಸುತ್ತಿದ್ದುದು ಆ ಕುದುರೆಯನ್ನು. ಮನುಷ್ಯರ ಸರದಿ ಬರುತ್ತಿದ್ದುದು ಟೀ ಆದ ಮೇಲೆ.

“ಹಿಮ ಬೀಳೋದ್ರೊಳಗೆ ಒಂದು ಲಾರಿ ಹುಲ್ಲು ಬಂದ್ರೆ ಇದು ಉಳಿಯುತ್ತೆ,” ಎಂದರು ಒಂದು ದಿನ. “ಬರ್ಲಿಲ್ಲ ಅಂದ್ರೆ ನಾನೇ ಕತ್ತಿ ಮಸೀತೀನಿ. ಹಸ್ಕೊಂಡು ಸಾಯೋಕೆ ಬಿಡಲ್ಲ.”

“ಹುಲ್ಲು ನಾನು ತರ್ತೀನಿ ಅಪ್ಪ,” ಎಂದ ತಾಬಿಲ್ದಿ.

ಹೀಗೆಂದವನು ಮನೆಯಲ್ಲಿದ್ದ ಎರಡೇ ಎರಡು ಕುರಿಗಳನ್ನು ಭಾನುವಾರದ ಸಂತೆಯಲ್ಲಿ ಮಾರಿ, ಫೋನಿನಲ್ಲೇ ನಡೆಯುವ ಯಾವುದೋ ಪಾಠಶಾಲೆಗೆ ಸೇರಿಕೊಂಡ. ಕುಳಿತಲ್ಲೇ ವ್ಯಾಪಾರ ಮಾಡುವುದು ಹೇಗೆ ಎಂದು ಅಲ್ಲಿ ಹೇಳಿಕೊಡುತ್ತಾರಂತೆ. ವಾರ ಕಳೆಯುವುದರೊಳಗೆ ಅವನದೊಂದು ವೆಬ್‌ಸೈಟ್ ಎದ್ದಿತು. ಅದೇನೆಂದು ಅಪ್ಪನಿಗೆ ವಿವರಿಸುವುದನ್ನು ನಾನು ಗೋಡೆಯ ಈಚೆಯಿಂದ ಕೇಳಿದೆ. ನಮ್ಮ ಗೋಡೆ ಎದೆಯೆತ್ತರ, ಕಿವಿಗೇನೂ ಅಡ್ಡಿಯಿಲ್ಲ.

“ಸಾಮಾನು ನಂದಲ್ಲ ಅಪ್ಪ, ಬೇರೆ ಅಂಗಡಿಯೋರದ್ದು. ನಾನು ಚೆನ್ನಾಗಿದೆ ಅಂತ ಬರೀತೀನಿ. ಓದ್ದೋರು ನನ್ನ ಪುಟದಲ್ಲಿರೋ ಗುಂಡಿ ಒತ್ತಿ, ಆ ಅಂಗಡಿಗೆ ಹೋಗಿ ಕೊಂಡ್ರೆ ನನಗೊಂದು ಪಾಲು.”

“ದಲ್ಲಾಳಿ ಅನ್ನು.”

“ದಲ್ಲಾಳಿ ಅಲ್ಲ...”

“ಸಂತೆ ದಲ್ಲಾಳಿ ಕುದುರೆ ಬಾಯಿಗೆ ಕೈಹಾಕಿ ಹಲ್ಲಾದ್ರೂ ನೋಡ್ತಾನೆ. ನೀನೇನು ಮಾರ್ತಿದೀಯ?”

“ಕರೆಂಟ್ ಕಂಬಳಿ. ತಂತಿ ಚುಚ್ಚಿದ್ರೆ ತಾನೇ ಬಿಸಿಯಾಗುತ್ತೆ.”

“ಮುಟ್ಟಿ ನೋಡಿದೀಯಾ?”

“ಫೋಟೊ ನೋಡಿದೀನಿ.”

ಸರಿಯಾಗಿ ಆ ಹೊತ್ತಿಗೆ ಕರೆಂಟು ಹೋಯಿತು. ನಮ್ಮೂರಿನಲ್ಲಿ ಚಳಿ ಶುರುವಾದ ಮೇಲೆ ಸಂಜೆಯಾದರೆ ಅದು ಹೋಗುವುದೇ. ಮುದುಕರು ಲಾಯದ ಕಡೆ ನಡೆದರು. ಕತ್ತಲಲ್ಲಿ ಸೊಸೆ ಉಮ್ಸುನಳ ದನಿ ಕೇಳಿತು: “ಕರೆಂಟ್ ಬರೋವರೆಗೂ ನಿಮ್ಮ ಕಂಬಳೀನ ಒಲೆ ಮೇಲಿಟ್ಟು ಕಾಯಿಸ್ಲಾ?”

ವೆಬ್‌ಸೈಟಿಗೆ ಬಂದು ಹೋಗುವವರನ್ನು ಆ ಪಾಠಶಾಲೆಯಲ್ಲಿ ‘ಅತಿಥಿಗಳು’ ಎನ್ನುತ್ತಾರಂತೆ. ತಾಬಿಲ್ದಿಯೂ ಹಾಗೇ ಕರೆಯತೊಡಗಿದ. ‘ಇವತ್ತು ಮೂರು ಜನ ಅತಿಥಿಗಳು ಬಂದಿದ್ರು’ ಎನ್ನುವನು. ಕರೆಯದೆ ಬಂದವನು ದೇವರ ಅತಿಥಿ ಎಂದು ನಂಬಿ ಎಪ್ಪತ್ತು ದಾಟಿದ ಎಸೆನ್‌ಕುಲ್ ಅವರಿಗೆ ಇದು ದೊಡ್ಡ ಸಂಕಟವಾಯಿತು.

“ಬಂದೋರಿಗೆ ಟೀ ಕೊಟ್ಯಾ?”

“ಅವರು ಹಾಗೆ ಬರೋದಲ್ಲ ಅಪ್ಪ.”

“ಮನೆಗೆ ಬಂದ ಅತಿಥಿಗೆ ಟೀ ಕೊಡಲ್ಲ, ಕಂಬಳಿ ಮಾರ್ತೀಯ. ಇದನ್ನ ಹೊರಗಡೆ ಎಲ್ಲೂ ಹೇಳ್ಬೇಡ.”

ಅತಿಥಿಗಳಲ್ಲಿ ಒಬ್ಬರೂ ಗುಂಡಿ ಒತ್ತಲಿಲ್ಲ. ಬೆಟ್ಟಗಳ ತಲೆ ಬೆಳ್ಳಗಾಗುತ್ತ ಬಂತು. ಕೊನೆಗೆ ತಾಬಿಲ್ದಿ ಆ ಫೋನ್ ಪಾಠಶಾಲೆಯ ಗುರುವಿನ ಮೊರೆಹೋದ. ಗುರು ಹೇಳಿದನಂತೆ: ‘ನಿನ್ನ ಬರಹದಲ್ಲಿ ನೋವಿಲ್ಲ. ಅತಿಥಿ ಮೊದಲು ಅಳಬೇಕು. ಅತ್ತವನು ಕೊಳ್ಳುತ್ತಾನೆ.’

ಮಾರನೆಯ ದಿನ ತಾಬಿಲ್ದಿ ಹೊಸ ಪುಟ ಬರೆದು, ಗೋಡೆಯ ಮೇಲಿಂದ ಫೋನು ಚಾಚಿ ನನಗೆ ತೋರಿಸಿದ. ಬಿಳಿ ಟೋಪಿ ಹಾಕಿಕೊಂಡ ಎಸೆನ್‌ಕುಲ್ ಅವರ ಫೋಟೊ. ಅದರ ಕೆಳಗೆ ಹೀಗಿತ್ತು: ‘ಕೈಕಾಲು ಕೊರೆಯುತ್ತಿದೆ ಮಗನೇ ಎಂದು ಅಪ್ಪ ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಕಂಬಳಿ ಇದ್ದಿದ್ದರೆ ನನ್ನ ಅಪ್ಪ ಇವತ್ತು ನಮ್ಮ ಜೊತೆ ಇರುತ್ತಿದ್ದರು.’ ಅದರ ಕೆಳಗೆ ಕೆಂಪು ಗುಂಡಿ. ಗುಂಡಿಯ ಮೇಲೆ: ‘ತಡ ಮಾಡಬೇಡಿ.’

ನಾನು ಲಾಯದ ಕಡೆ ನೋಡಿದೆ. ಮುದುಕರು ಕುದುರೆಯ ಬೆನ್ನು ಉಜ್ಜುತ್ತಿದ್ದರು.

“ಅಲ್ಲೋ, ನಿಮ್ಮಪ್ಪ ಅಲ್ಲೇ ಇದಾರಲ್ಲೋ!”

“ಸತ್ತರು ಅಂತ ಎಲ್ಲಿ ಬರೆದಿದೀನಿ ಮೇಷ್ಟ್ರೇ? ನಮ್ಮ ಜೊತೆ ಇಲ್ಲ ಅಂದಿದೀನಿ. ನಿಜ ತಾನೇ? ಮೂರು ಹೊತ್ತೂ ಲಾಯದಲ್ಲಿ ಇರ್ತಾರೆ.”

ತರ್ಕದಲ್ಲಿ ತಪ್ಪು ಹುಡುಕಲು ನನಗೆ ಕೂಡಲೇ ಆಗಲಿಲ್ಲ. ಅಷ್ಟರಲ್ಲಿ ಅವನು ಆ ಪುಟವನ್ನು ಬಂಧುಬಳಗದ ಫೋನ್ ಗ್ರೂಪಿಗೆ ಕಳಿಸಿಯಾಗಿತ್ತು. ಒಂದಕ್ಷರ ವಿವರಣೆ ಬರೆಯದೆ, ಬರೀ ಲಿಂಕು.

ನಮ್ಮ ಜನ ಸಾವಿನ ಸುದ್ದಿಯನ್ನು ನೇರವಾಗಿ ಹೇಳುವುದಿಲ್ಲ. ಹಾಗೆ ಹೇಳುವವನು ಮರ್ಯಾದೆ ಗೊತ್ತಿಲ್ಲದವನು. ಬೆಟ್ಟ ಕುಸಿಯಿತು, ಸಾಕಿದ ಗಿಡುಗ ಕೈಬಿಟ್ಟು ಹಾರಿತು ಎಂದು ಸುತ್ತಿ ಬಳಸಿ ಹೇಳಬೇಕು; ಕೇಳಿದವನು ತಾನೇ ತಿಳಿದುಕೊಂಡು ಅಳಬೇಕು. ತಿರುಗಿ ‘ಸತ್ತರೇನು’ ಎಂದು ಕೇಳುವುದಂತೂ ಇನ್ನೂ ದೊಡ್ಡ ಅವಮಾನ. ಹೀಗಿರುವಾಗ ಅಪ್ಪನ ಫೋಟೊ, ‘ಇವತ್ತು ನಮ್ಮ ಜೊತೆ ಇರುತ್ತಿದ್ದರು’ ಎಂಬ ಮಾತು, ಕೊನೆಗೆ ‘ತಡ ಮಾಡಬೇಡಿ’! ಇಷ್ಟು ಅಚ್ಚುಕಟ್ಟಾದ ಸಾವಿನ ಸುದ್ದಿ ನಮ್ಮ ಸೀಮೆಯಲ್ಲಿ ಎಷ್ಟೋ ಕಾಲದಿಂದ ಯಾರೂ ಕೇಳಿರಲಿಲ್ಲ.

ಮಾರನೆಯ ದಿನ ಮೊದಲ ಫೋನು ಬಂದದ್ದು ಜುಮ್ಗಾಲ್‌ನಿಂದ. ಅಲ್ಲಿ ಎಸೆನ್‌ಕುಲ್ ಅವರ ಅಕ್ಕ ಬಾತ್ಮಾ ಇದ್ದಾರೆ. ಫೋನು ಮಾಡಿದವನು ಆಕೆಯ ಮಗ ಮೆಡೆರ್. ನನಗೂ ಕೇಳಲಿ ಎಂದು ತಾಬಿಲ್ದಿ ದನಿ ಜೋರು ಮಾಡಿದ.

“ಅಣ್ಣಾ... ನೋಡಿದ್ವಿ. ಎಲ್ಲಾರೂ ನೋಡಿದ್ವಿ. ಏನು ಹೇಳ್ಬೇಕೋ ತೋಚ್ತಿಲ್ಲ.”

“ಚೆನ್ನಾಗಿ ಬಂದಿದೆಯಾ?”

“ಚೆನ್ನಾಗೇ ಬರೆದಿದೀಯ. ಅಮ್ಮ ಓದಿಸಿಕೊಂಡು ಕೂತಲ್ಲೇ ಕುಸಿದುಬಿಟ್ರು.”

“ಕುಸಿದ್ರಾ!” ತಾಬಿಲ್ದಿಯ ಮುಖ ಅರಳಿತು. “ಹಾಗಾಗುತ್ತೆ ಅಂತ ಮೊದ್ಲೇ ಹೇಳಿದ್ರು ನೋಡು.”

“ಗಟ್ಟಿಯಾಗಿರಣ್ಣ.”

“ಗಟ್ಟಿಯಾಗೇ ಇದೀನಪ್ಪ. ಮೊದಮೊದಲು ಹೀಗೇ ಕಷ್ಟ, ಆಮೇಲಾಮೇಲೆ ಸರಿಹೋಗುತ್ತೆ ಅಂತಾರೆ.”

“ಹೌದಣ್ಣ, ಕಾಲವೇ ಮರೆಸ್ಬೇಕು. ಜನ ಬರ್ತಿದಾರಾ?”

“ನಿನ್ನೆಯಿಂದ ಹದಿನಾಲ್ಕು ಜನ ಅತಿಥಿಗಳು ಬಂದ್ರು. ಬರ್ತಾರೆ, ನೋಡ್ತಾರೆ, ಹೋಗ್ತಾರೆ. ಒಬ್ರೂ ಏನೂ ಮುಟ್ಟಲ್ಲ.”

“ಛೆ ಛೆ! ಬಾಯಿಗೆ ಏನೂ ಇಡದೆ ಹೋಗ್ತಾರಾ? ಆತ್-ಬಾಶಿ ಜನ ಅಷ್ಟಕ್ಕಿಳಿದ್ರಾ? ಇರ್ಲಿ, ನಾವು ಬರ್ತೀವಿ.”

“ಬನ್ನಿ, ಬನ್ನಿ! ಇರೋಬರೋರನ್ನೆಲ್ಲ ಕರ್ಕೊಂಡು ಬನ್ನಿ. ನನಗೀಗ ಬೇಕಾಗಿರೋದೇ ಜನ.”

“ಯಾವತ್ತು ಇಟ್ಕೊಂಡಿದೀಯ?”

“ಶುಕ್ರವಾರ ಇನ್ನೊಂದು ಹಾಕ್ತೀನಿ,” ಎಂದ ತಾಬಿಲ್ದಿ, ಮುಂದಿನ ಪುಟದ ಬಗ್ಗೆ. “ಮಧ್ಯಾಹ್ನದ ನಮಾಜ್ ಮುಗಿದ ಮೇಲೆ. ಆಗ ಎಲ್ಲಾರೂ ಬಿಡುವಾಗಿರ್ತಾರೆ.”

“ಇನ್ನೊಂದಾ!” ಮೆಡೆರ್ ಗೊಳೋ ಎಂದು ಅತ್ತು ಫೋನು ಇಟ್ಟ.

“ನೋಡಿದ್ರಾ ಮೇಷ್ಟ್ರೇ, ಅಳ್ತಿದಾನೆ! ಅತ್ತವನು ಕೊಳ್ತಾನೆ!”

“ಅವನು ಬೇರೇನೋ ಕೇಳಿದ ಹಾಗಿತ್ತಲ್ಲೋ.”

“ಈ ವ್ಯಾಪಾರ ನಿಮಗೆ ಅರ್ಥ ಆಗಲ್ಲ ಬಿಡಿ,” ಎಂದ. ಅಷ್ಟಂತೂ ನಿಜವಾಗಿತ್ತು.

ಶುಕ್ರವಾರ ಬೆಳಿಗ್ಗೆ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಎರಡು ಮಿನಿಬಸ್ಸುಗಳು ಬೀದಿಯ ತುದಿಯಲ್ಲಿ ನಿಂತವು. ಸಾವಿನ ಮನೆಗೆ ಬರುವ ಗಂಡಸರು ನಮ್ಮಲ್ಲಿ ಸುಮ್ಮನೆ ನಡೆದು ಬರುವುದಿಲ್ಲ. ದೂರದಿಂದಲೇ ಬಾಯಿ ಬಡಿದುಕೊಂಡು, ಬಾಗಿಕೊಂಡು ಓಡಿಬರುತ್ತಾರೆ. ಜುಮ್ಗಾಲ್‌ನವರು ಹಾಗೆಯೇ ಬಂದರು. “ಅಯ್ಯೋ ನಮ್ಮಪ್ಪಾ! ಬೆಟ್ಟದಂಥಾ ನಮ್ಮಪ್ಪಾ!”

ಲಾಯದಲ್ಲಿದ್ದ ಎಸೆನ್‌ಕುಲ್ ಮಾತು ಬಿಡಿಸಿ ಕೇಳಿಸದಿದ್ದರೂ, ಗೋಳು ತಮ್ಮ ಬಾಗಿಲಿಗೇ ಬರುತ್ತಿರುವುದನ್ನು ಕೇಳಿದರು. ಅವರಿಗಿದ್ದದ್ದು ಒಬ್ಬನೇ ಮಗ. ಯಾರನ್ನೂ ಏನೂ ಕೇಳಲಿಲ್ಲ, ಕೇಳುವ ಪದ್ಧತಿಯೂ ಇಲ್ಲ. ಸಾವಿನ ಮನೆಯ ಗಂಡಸರು ಮಾಡುವಂತೆ ಸೊಂಟಕ್ಕೆ ಬಟ್ಟೆ ಬಿಗಿದು, ಊರುಗೋಲಿಗೆ ಒರಗಿ ಬಾಗಿಲಲ್ಲಿ ನಿಂತು, “ಅಯ್ಯೋ ನನ್ನ ಕಂದಾ! ಸಿಕ್ಕೀ ಸಿಗದ ಹಾಗೆ ಹೋದೆಯಾ!” ಎಂದು ಎದುರು ದನಿಯಲ್ಲಿ ಅಳತೊಡಗಿದರು.

ಓಡಿಬಂದವರು ತಲೆ ಎತ್ತದೆ, ಕಣ್ಣು ಮುಚ್ಚಿಕೊಂಡೇ ಅವರನ್ನು ಒಬ್ಬೊಬ್ಬರಾಗಿ ತಬ್ಬಿ ಅತ್ತರು. ತಮಗಾಗಿ ಅಳಲು ಬಂದವರನ್ನು ಮುದುಕರು ಬೆನ್ನು ತಟ್ಟಿ ಸಮಾಧಾನ ಮಾಡುತ್ತಿದ್ದರು. ಐದೋ ಆರೋ ಜನ ಹೀಗೆ ದಾಟಿ ಹೋದ ಮೇಲೆ ಮೆಡೆರ್‌ನ ಸರದಿ ಬಂತು. ಅವನು ತಬ್ಬಿಕೊಂಡು, “ಕೊನೇಲಿ ಏನಾದ್ರೂ ಹೇಳಿದ್ರಾ?” ಎಂದು ಕಿವಿಯಲ್ಲಿ ಕೇಳಿದ.

“ಯಾರಪ್ಪ?”

“ಮಾವ.”

“ಯಾವ ಮಾವ?”

ಮೆಡೆರ್ ಕಣ್ಣು ಬಿಟ್ಟ. ಎರಡು ಹೆಜ್ಜೆ ಹಿಂದೆ ಸರಿದು, ಅಲ್ಲೇ ಅಂಗಳದ ಕೆಸರಿನಲ್ಲಿ ಕುಳಿತುಬಿಟ್ಟ. ಅದೇ ಹೊತ್ತಿಗೆ ಮನೆಯೊಳಗಿಂದ ತಾಬಿಲ್ದಿ ಫೋನು ಹಿಡಿದುಕೊಂಡು ಹೊರಬಂದ. ಸತ್ತ ಇಬ್ಬರೂ ಎದುರು ಬದುರಾದರು.

ಎಸೆನ್‌ಕುಲ್ ಊರುಗೋಲು ಬಿಟ್ಟು ಮಗನ ಹತ್ತಿರ ಹೋಗಿ, ಎರಡೂ ಕೈಯಿಂದ ಅವನ ಮುಖ ಹಿಡಿದು ನೋಡಿದರು. ಹಣೆ ಮುಟ್ಟಿದರು, ಕಿವಿ ಮುಟ್ಟಿದರು. ಆಮೇಲೆ ಅವನ ಕಪಾಳಕ್ಕೆ ಒಂದು ಬಿಟ್ಟರು. ಏಕೆಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ಆದರೆ ಕಾರಣ ಇದ್ದೇ ಇರುತ್ತದೆ ಎಂಬ ನಂಬಿಕೆ ಇತ್ತು.

ಕಾರಣ ತಿಳಿಯಲು ಬಹಳ ಹೊತ್ತು ಹಿಡಿಯಲಿಲ್ಲ. ಅಂಗಳದಲ್ಲಿ ಮೂವತ್ತು ನಲವತ್ತು ಜನ ನಿಂತುಕೊಂಡು ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸಿದರು. ಅಷ್ಟರಲ್ಲಿ ಊರಿನ ಮುಖ್ಯಸ್ಥ ಕಾಚ್ಕಿನ್‌ಬೈ, ಮಣ್ಣು ಮೆತ್ತಿದ ಬೂಟು ಹಾಕಿಕೊಂಡು, ಹಿಂದೆ ಗುದ್ದಲಿ ಹೊತ್ತ ನಾಲ್ವರು ತರುಣರೊಂದಿಗೆ ಬಂದ. ಜುಮ್ಗಾಲ್‌ನವರು ಅವನಿಗೂ ಫೋನು ಮಾಡಿದ್ದರು. ಅವನೂ ಮರ್ಯಾದಸ್ಥನೇ. ನೇರವಾಗಿ ಏನೂ ಕೇಳದೆ ಸ್ಮಶಾನಕ್ಕೆ ಹೋಗಿ ಗುಂಡಿ ತೋಡಿಸಿದ್ದ.

“ಏನಿದು ಎಸೆನ್‌ಕುಲ್ ಅಣ್ಣ?” ಎಂದು ನೊಂದ ದನಿಯಲ್ಲಿ ಕೇಳಿದ. “ಅಲ್ಲಿನ ನೆಲವೆಲ್ಲ ಬರೀ ಕಲ್ಲು. ಎರಡು ಗುದ್ದಲಿ ಮುರಿದ್ವು. ನೀವು ನೋಡಿದ್ರೆ ಹೀಗೆ ನಿಂತಿದೀರ!”

“ತಪ್ಪಾಯ್ತಪ್ಪ,” ಎಂದರು ಎಸೆನ್‌ಕುಲ್.

“ನಿಮ್ಮ ಎತ್ತರಕ್ಕೆ ಸರಿಯಾಗಿ ತೋಡಿದೀವಿ. ಬೇರೆ ಯಾರಿಗೂ ಹೊಂದಲ್ಲ.”

ಎಲ್ಲರಿಗಿಂತ ದೊಡ್ಡ ಪೇಚಿಗೆ ಸಿಕ್ಕಿದ್ದು ಬಾತ್ಮಾ ಅಜ್ಜಿ. ಜುಮ್ಗಾಲ್‌ನಿಂದ ಇಲ್ಲಿಯವರೆಗೆ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಆಕೆ ತಮ್ಮನ ಮೇಲೆ ಶೋಕಗೀತೆ ಕಟ್ಟಿದ್ದರು. “ಈಗ ಇದನ್ನೇನು ಮಾಡ್ಲಿ?” ಎಂದು ತಮ್ಮನನ್ನೇ ಗದರಿಸಿದರು. “ನಿನಗಿಂತ ಮೊದ್ಲು ನಾನು ಹೋದ್ರೆ ನಿನಗೆ ಹಾಡೋರ್ಯಾರು? ನಿನ್ನ ಸೊಸೆ ಹಾಡ್ತಾಳಾ? ಕೂತ್ಕೋ, ಕೇಳಿಸ್ಕೋ.”

ಮುದುಕರು ಕುಳಿತರು. ಅಜ್ಜಿ ಪದ್ಧತಿಯಂತೆ ಗೋಡೆಯ ಕಡೆ ತಿರುಗಿ ಹಾಡಿದರು:

“ಹೊದೆಯಲಿಲ್ಲ ನನ್ನ ತಮ್ಮ, ಮಗನಿದ್ದೂ ಹೊದೆಯಲಿಲ್ಲ;
ಹಿಮದ ಹೊದಿಕೆ ಹೊದ್ದು ಹೋದ, ತಿರುಗಿ ಒಮ್ಮೆ ನೋಡಲಿಲ್ಲ.
ಕಂದು ಕುದುರೆ ಕಾದು ನಿಂತಿದೆ, ಏರುವವನು ಬರಲಿಲ್ಲ.”

ಎಲ್ಲರೂ ಅತ್ತರು. ನಾನೂ ಅತ್ತೆ. ಎಸೆನ್‌ಕುಲ್ ಕೂಡ ಕಣ್ಣೊರೆಸಿಕೊಂಡು, “ಚೆನ್ನಾಗಿದೆ ಅಕ್ಕ,” ಎಂದರು. ತಾಬಿಲ್ದಿ ಮಾತ್ರ ತಲೆ ತಗ್ಗಿಸಿ ಅಂಗಳದ ಮೂಲೆಯಲ್ಲಿ ನಿಂತಿದ್ದ.

ಆಮೇಲೆ ಮೌಲ್ವಿಗಳು ಗಂಟಲು ಸರಿಮಾಡಿಕೊಂಡರು. “ಬದುಕಿರೋರಿಗೆ ಅತ್ತಿದ್ದಾಯ್ತು. ಗುಂಡಿ ಬೇರೆ ಬಾಯಿ ಬಿಟ್ಕೊಂಡು ಕೂತಿದೆ. ರಕ್ತ ಹರಿಸದೆ ಬಿಟ್ರೆ ಒಳ್ಳೇದಲ್ಲ ಅಂತಾರೆ ಹಿರಿಯರು. ಒಂದು ಕುರಿ ಸಾಕು.”

“ಕುರಿ ತಗೊಂಡು ಬಾ,” ಎಂದರು ಗಡಿಬಿಡಿಯಲ್ಲಿ ಎಲ್ಲ ಮರೆತ ಎಸೆನ್‌ಕುಲ್ ಸೊಸೆಗೆ.

“ಕುರಿ ಎಲ್ಲಿವೆ ಮಾವ?” ಎಂದಳು ಉಮ್ಸುನ್. “ಎರಡೂ ವೆಬ್‌ಸೈಟ್ ಒಳಗೆ ಹೋದ್ವಲ್ಲ.”

ನಾನು ಮುಂದೆ ಬಂದೆ. “ಅಣ್ಣ, ನನ್ನ ಹತ್ರ ಒಂದು ಕುರಿ ಇದೆ...”

“ನನ್ನ ಮನೆಗೆ, ನನಗೋಸ್ಕರ ಬಂದೋರಿಗೆ ನಿಮ್ಮ ಕುರಿನಾ ಮೇಷ್ಟ್ರೇ?” ಎಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ನಾನು ಹಿಂದೆ ಸರಿದೆ.

“ಏನೂ ಬೇಡ ಕಣೋ,” ಎಂದರು ಬಾತ್ಮಾ ಅಜ್ಜಿ. “ನೀನಿದೀಯಲ್ಲ, ಅಷ್ಟು ಸಾಕು. ಟೀ ಕುಡ್ಕೊಂಡು ಹೋಗ್ತೀವಿ.”

ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಕೆಸರು ಒರೆಸಿಕೊಳ್ಳುತ್ತಿದ್ದ ಮೆಡೆರ್, ಮಾವನನ್ನು ಸಮಾಧಾನ ಮಾಡಲೆಂದೇ ಬಾಯಿಬಿಟ್ಟ. “ಹೌದು ಮಾವ, ನಾವೇನೂ ಅಂದ್ಕೊಳ್ಳಲ್ಲ. ಇಲ್ಲಿಗೆ ಬಂದೋರು ಬಾಯಿಗೇನೂ ಇಡದೆ ಹೋಗ್ತಾರೆ ಅಂತ ತಾಬಿಲ್ದಿ ಅಣ್ಣ ಮೊದ್ಲೇ ಹೇಳಿದ್ರು.”

ಎಸೆನ್‌ಕುಲ್ ಮಗನ ಕಡೆ ನೋಡಿದರು. ಆಮೇಲೆ ಎದ್ದು ಲಾಯದೊಳಕ್ಕೆ ಹೋದರು. ಒಳಗೆ ಏನೋ ಮಾತಾಡುವುದು ಕೇಳಿಸಿತು. ಬೆಳಿಗ್ಗೆ ದಿನವೂ ಮಾತಾಡುತ್ತಿದ್ದ ಅದೇ ಮೆಲುದನಿ. ಹೊರಬಂದಾಗ ಅವರ ಕೈಯಲ್ಲಿ ಕುದುರೆಯ ಹಗ್ಗವಿತ್ತು.

“ಅಪ್ಪ, ಬೇಡ,” ಎಂದ ತಾಬಿಲ್ದಿ. “ಅಪ್ಪ, ಹುಲ್ಲು ತರ್ತೀನಿ. ಇನ್ನೊಂದು ವಾರ. ಅಪ್ಪಾ...”

“ಅತಿಥಿಗಳು ಬೇಕು ಅಂತಿದ್ದೆ. ಬಂದಿದಾರೆ. ಹಗ್ಗ ಹಿಡ್ಕೋ.”

ತಾಬಿಲ್ದಿ ಹಗ್ಗ ಹಿಡಿದುಕೊಂಡ. ಕುದುರೆ ಸುಮ್ಮನೆ ನಿಂತಿತ್ತು. ಮುದುಕರು ಅಂಗೈ ಬಿಚ್ಚಿ ಪ್ರಾರ್ಥನೆ ಮಾಡಿ, ಮುಖ ಸವರಿಕೊಂಡು, ಕತ್ತಿಯನ್ನು ಕಾಚ್ಕಿನ್‌ಬೈಯ ಕೈಗೆ ಕೊಟ್ಟರು. ಹಿಂದೆ ಹೇಳಿದಂತೆ ತಾವೇ ಮಸೆಯಲು ಅವರಿಂದ ಆಗಲಿಲ್ಲ. ನಾನು ನನ್ನ ಅಂಗಳಕ್ಕೆ ಬಂದುಬಿಟ್ಟೆ.

ಊಟಕ್ಕೆ ಕರೆದರು, ಹೋಗದಿರಲು ಆಗಲಿಲ್ಲ. ಗಂಡಸರಲ್ಲಿ ಎಲ್ಲರಿಗಿಂತ ಹಿರಿಯರೂ, ಹೇಗೆ ನೋಡಿದರೂ ಆ ದಿನದ ಮುಖ್ಯ ವ್ಯಕ್ತಿಯೂ ಆದ್ದರಿಂದ ತೊಡೆಯ ಮೂಳೆಯ ದೊಡ್ಡ ತುಂಡನ್ನು ಎಸೆನ್‌ಕುಲ್ ಅವರ ಮುಂದೆಯೇ ಇಟ್ಟರು. ಯಜಮಾನ ತಿನ್ನದಿದ್ದರೆ ಅತಿಥಿಗಳೂ ತಿನ್ನುವಂತಿಲ್ಲ. ನಲವತ್ತು ಜೋಡಿ ಕಣ್ಣುಗಳು ಅವರ ಕೈಯನ್ನೇ ನೋಡುತ್ತಿದ್ದವು. ಅವರು ಒಂದು ಚೂರು ಕತ್ತರಿಸಿ ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದರು. “ತಿನ್ನಿ,” ಎಂದರು ಆಮೇಲೆ. ಮಾಂಸ ಗಟ್ಟಿಯಾಗಿತ್ತು, ಯಾರೂ ಹಾಗೆ ಹೇಳಲಿಲ್ಲ.

ಹೊರಡುವಾಗ ಬಾತ್ಮಾ ಅಜ್ಜಿ ಒಂದು ಕರವಸ್ತ್ರದ ಗಂಟನ್ನು ಉಮ್ಸುನಳ ಕೈಗೆ ತುರುಕಿದರು. ಸಾವಿನ ಮನೆಗೆ ಎಲ್ಲರೂ ಸೇರಿಸಿ ಕೊಡುವ ಕಾಣಿಕೆಯ ಹಣ ಅದು.

“ಬದುಕಿರೋನ ಮನೇಲಿ ಇದನ್ನ ತಗೋಬಾರ್ದು ಅಕ್ಕ,” ಎಂದರು ಎಸೆನ್‌ಕುಲ್.

“ಇಟ್ಕೋ. ನೀನು ಇನ್ನೊಂದು ಸಲ ಸತ್ರೆ ನಾನು ಬರಲ್ಲ, ನನ್ನ ಮಂಡಿ ಒಪ್ಪಲ್ಲ. ಇದು ಅವತ್ತಿಂದು ಅಂದ್ಕೋ.”

ತಾಬಿಲ್ದಿಯ ಬರವಣಿಗೆಯಲ್ಲಿ ಶಕ್ತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಜುಮ್ಗಾಲ್‌ನವರು ವಾಪಸು ಹೋಗುವಾಗ ನಾರಿನ್ ಬಜಾರಿನಲ್ಲಿ ಬಸ್ಸು ನಿಲ್ಲಿಸಿ, ತಮ್ಮ ತಮ್ಮ ಮನೆಯ ಮುದುಕರಿಗಾಗಿ ಕರೆಂಟ್ ಕಂಬಳಿಗಳನ್ನು ಮುಟ್ಟಿ ನೋಡಿ, ಚೌಕಾಸಿ ಮಾಡಿ, ಅಂಗಡಿಯಲ್ಲಿದ್ದಷ್ಟನ್ನೂ ಕೊಂಡುಹೋದರು. ಕೆಂಪು ಗುಂಡಿಯನ್ನು ಒಬ್ಬರೂ ಒತ್ತಲಿಲ್ಲ. ಸ್ಮಶಾನದ ಗುಂಡಿಯನ್ನು ಕಾಚ್ಕಿನ್‌ಬೈಯ ತರುಣರು ಗೊಣಗುತ್ತ ಮುಚ್ಚಿದರು.

ಕಾಣಿಕೆಯ ಗಂಟನ್ನು ಮುದುಕರು ಮುಟ್ಟಲಿಲ್ಲ. ಎರಡು ದಿನ ಅದು ಕಿಟಕಿಯ ಕಟ್ಟೆಯ ಮೇಲೇ ಬಿದ್ದಿತ್ತು. ಮೂರನೆಯ ದಿನ ತಾಬಿಲ್ದಿ ಅದನ್ನೆತ್ತಿಕೊಂಡು ಎಲ್ಲಿಗೋ ಹೋದ. ಸಂಜೆಯ ಹೊತ್ತಿಗೆ, ಮೊದಲ ಹಿಮ ಸಣ್ಣಗೆ ಉದುರುತ್ತಿರುವಾಗ, ಅವರ ಬಾಗಿಲಲ್ಲಿ ಒಂದು ಲಾರಿ ಬಂದು ನಿಂತಿತು. ತುಂಬ ಹುಲ್ಲು. ಒಳ್ಳೆಯ ಹುಲ್ಲು, ಹಸಿರು ಇನ್ನೂ ಮಾಸಿರಲಿಲ್ಲ. ಗೋಡೆಯ ಈಚೆಗೂ ವಾಸನೆ ಬರುತ್ತಿತ್ತು.

“ಇದೇನ್ರೀ ಇದು?” ಎಂದಳು ಉಮ್ಸುನ್. “ಯಾರಿಗೆ?”

“ಹಿಮ ಬೀಳೋದ್ರೊಳಗೆ ತರ್ತೀನಿ ಅಂದಿದ್ನಲ್ಲ,” ಎಂದ ತಾಬಿಲ್ದಿ. ಬೇರೇನೂ ಅವನಿಗೆ ಗೊತ್ತಿರಲಿಲ್ಲ. ಜೀವಮಾನದಲ್ಲಿ ಅವನು ನಡೆಸಿಕೊಟ್ಟ ಮೊದಲನೆಯ ಮಾತು ಅದು. ಒಬ್ಬನೇ ಹೊರೆ ಹೊರೆಯಾಗಿ ಇಳಿಸಿ ಲಾಯಕ್ಕೆ ತುಂಬತೊಡಗಿದ. ಉಮ್ಸುನ್ ಗಂಡನ ಮುಖ ನೋಡಿ, ಲಾಯದ ಬಾಗಿಲನ್ನು ಪೂರ್ತಿ ತೆರೆದಿಟ್ಟು ಒಳಗೆ ಹೋದಳು.

ಎಸೆನ್‌ಕುಲ್ ಹೊರಬಂದು ಲಾಯದ ಬಾಗಿಲಲ್ಲಿ ನಿಂತರು. ಒಂದು ಹಿಡಿ ಹುಲ್ಲು ಕಿತ್ತು ಮೂಸಿದರು. ಹಾಗೇ ಹೋಗಿ ಖಾಲಿ ಗೋದಲಿಯಲ್ಲಿ ಅದನ್ನಿಟ್ಟು, ಅಭ್ಯಾಸಬಲದಿಂದ ಕೈ ಚಾಚಿದರು. ಅಲ್ಲಿ ಕೈಗೆ ಏನೂ ಸಿಗಲಿಲ್ಲ.

“ಹುಲ್ಲು ಚೆನ್ನಾಗಿದೆ,” ಎಂದರು. “ಈ ಹುಲ್ಲು ಇದ್ದಿದ್ರೆ ನನ್ನ ಕುದುರೆ ಇವತ್ತು ನಮ್ಮ ಜೊತೆ ಇರ್ತಿತ್ತು.”

ತಾಬಿಲ್ದಿ ಹೊರೆ ಹೊತ್ತುಕೊಂಡೇ ನಿಂತುಬಿಟ್ಟ.

“ಬರ್ಕೋ,” ಎಂದರು ಎಸೆನ್‌ಕುಲ್. “ಇದು ನಿಜ.”

ಅವನು ಬರೆದುಕೊಳ್ಳಲಿಲ್ಲ. ಲಾರಿ ಖಾಲಿಯಾಗುವವರೆಗೂ ಹುಲ್ಲು ಹೊರುತ್ತಲೇ ಇದ್ದ.